ನಿಧಾನಕ್ಕೊಂದು ಕಾರಣ

ನಾನು ಆಫೀಸಿನಲ್ಲಿ ಏನು ಕೆಲಸ ಮಾಡ್ತೀನಿ ಅಂತ ಅಮ್ಮನಿಗೆ ಇವತ್ತಿಗೂ ಸರಿಯಾಗಿ ಹೇಳೋಕಾಗಿಲ್ಲ. "ಮಷೀನು ಎಷ್ಟು ಜೋರಾಗಿ ಓಡ್ಬೇಕು ಅನ್ನೋದನ್ನ ಬರೀತೀನಿ ಕಣಮ್ಮ" ಅಂದರೆ, "ಅದನ್ನೇನ್ಲಾ ಬರೆಯೋದು, ಓಡ್ಸೋನಿಗೆ ಗೊತ್ತಿರಲ್ವಾ?" ಅಂತಾಳೆ. ನಾನು ರೇಗ್ತೀನಿ. ರೇಗೋದು ನನಗೆ ಹುಟ್ಟಿನಿಂದ ಬಂದದ್ದು, ಅವಳಿಂದಲೇ ಬಂದದ್ದು.

ಹೊಸೂರಿನಲ್ಲಿ ನಮ್ಮ ಕಂಪನಿ. ಲೋಹ ಕೊರೆಯೋ ಕಂಪ್ಯೂಟರ್ ಮಷೀನುಗಳಿಗೆ ತಲೆ ಇರುತ್ತಲ್ಲ, ಆ ತಲೆಯೊಳಗಿನ ಸಾಫ್ಟ್‌ವೇರು ಬರೆಯೋದು ನಮ್ಮ ಕಸುಬು. ಅದರಲ್ಲಿ ವೇಗದ ಭಾಗ ನನ್ನದು. ಕಟ್ಟರ್ ಯಾವ ವೇಗದಲ್ಲಿ ಸಾಗಬೇಕು ಅನ್ನೋದನ್ನ ಪ್ರೋಗ್ರಾಮಿನಲ್ಲೇ ಬರೆದಿರ್ತಾರೆ. ಆದರೆ ಮಷೀನಿನ ಪ್ಯಾನಲ್ ಮೇಲೆ ಒಂದು ದುಂಡನೆ ನಾಬು ಇರುತ್ತೆ. ಅದು ನೂರರಲ್ಲಿದ್ದರೆ ಬರೆದಷ್ಟೇ ವೇಗ, ಐವತ್ತಕ್ಕೆ ತಿರುಗಿಸಿದರೆ ಅದರ ಅರ್ಧ, ಸೊನ್ನೆಗೆ ತಂದರೆ ಕಟ್ಟರ್ ನಿಂತಲ್ಲೇ ನಿಲ್ಲುತ್ತೆ. ಇಷ್ಟೇನಾ ಅನ್ನಬೇಡಿ. ಕೈ ಗಾಬರಿಯಲ್ಲಿ ತಟ್ಟನೆ ತಿರುಗಿಸಿದಾಗ ಮಷೀನು ಜಗ್ಗಬಾರದು, ಆದರೆ ತಡವನ್ನೂ ಮಾಡಬಾರದು. ಇಳಿಸಿದರೆ ಆ ಕ್ಷಣ ಇಳೀಬೇಕು, ಏರಿಸಿದರೆ ಮೆಲ್ಲಗೆ ಏರಬೇಕು. ಈ ಒಂದು ಮಾತಿಗಾಗಿ ನಾನು ಆಫೀಸಿನಲ್ಲಿ ಮೇಜು ಗುದ್ದಿದ್ದೀನಿ. ಕೊನೆಗೂ ಹಾಗೇ ಮಾಡಿದೆವು. ನನಗೆ ಅದರ ಬಗ್ಗೆ ಜಂಬ ಇದೆ, ಇರಲಿ ಬಿಡಿ.

ಆ ನಾಬನ್ನ ದಿನಾ ಹಿಡಿಯೋ ಒಂದು ಕೈ ನಮ್ಮ ಮನೆಯದೇ. ನನ್ನ ತಂಗಿ. ರಾಯಕೋಟೆ ಕಡೆಯ ನಮ್ಮೂರಿಂದ ಅವಳನ್ನ ಸೂಳಗಿರಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೀವಿ. ಗಂಡ ಗುಲಾಬಿ ಬೆಳೀತಾನೆ. ಇವಳು ಹೆದ್ದಾರಿ ಪಕ್ಕದ ಒಂದು ಸಣ್ಣ ಯೂನಿಟ್ಟಿಗೆ ಹೋಗ್ತಾಳೆ. ಮೊದಲು ಕೊರೆದು ಬಂದ ಪೀಸು ಒರೆಸಿ ಅಳತೆ ನೋಡೋ ಬೆಂಚಿನಲ್ಲಿದ್ದಳು. ಮಷೀನು ಕಲೀತೀನಿ ಅಂತ ಹಟ ಹಿಡಿದು ಕಲಿತಳು. ಆ ಶೆಡ್ಡಿನಲ್ಲಿ ಮಷೀನ್ ಮೇಲೆ ನಿಂತ ಹೆಂಗಸು ಅವಳೊಬ್ಬಳೇ. ಅವಳ ಮಷೀನಿಗೆ ನಮ್ಮ ಕಂಪನಿಯದೇ ತಲೆ. "ನಿನ್ನ ನಾಬು ಚೆನ್ನಾಗೈತೆ ಕಣಣ್ಣಾ, ಮಿಕ್ಕಿದ್ದೇನೂ ಕೇಳ್ಬ್ಯಾಡ" ಅಂತ ಹಬ್ಬಕ್ಕೆ ಬಂದಾಗಲೆಲ್ಲ ಕಾಲೆಳೀತಾಳೆ.

ನಾಬನ್ನ ಯಾರೂ ನೋಡಿಕೊಂಡು ತಿರುಗಿಸಲ್ಲ. ಕಣ್ಣು ಕಟ್ಟರ್ ಮೇಲೆ, ಕಿವಿ ಸದ್ದಿನ ಮೇಲೆ, ಎಡಗೈ ನಾಬಿನ ಮೇಲೆ. ಲೋಹ ತೆಳುವಾದ ಕಡೆ ಸದ್ದು ಒರಟಾಗುತ್ತೆ, ಕೈ ತಾನಾಗೇ ಇಳಿಸುತ್ತೆ. ಹಾಲು ಉಕ್ಕೋ ಮುಂಚೆ ಉರಿ ತಗ್ಗಿಸೋ ಹಾಗೆ. ದಾಟಿದ ಮೇಲೆ ಮತ್ತೆ ನೂರಕ್ಕೆ.

ಇದು ಕೆಲವು ಯೂನಿಟ್ ಮಾಲೀಕರ ಕಣ್ಣಿಗೆ ಬಿತ್ತು. ಯಾಕೆ ನಿಧಾನ ಮಾಡ್ತಾರೆ, ನಮಗೆ ಕಾರಣ ಬೇಕು ಅಂದರು. ನಮ್ಮ ಮಾರಾಟದವರು ಅದನ್ನ ಹೊತ್ಕೊಂಡು ಬಂದರು. ಮೀಟಿಂಗು ತಮಿಳಿನಲ್ಲಿ ನಡೀತು, ನನ್ನ ಸಿಟ್ಟು ಮಾತ್ರ ಕನ್ನಡದಲ್ಲೇ ಬಂತು. "ಉರಿ ತಗ್ಗಿಸೋಕೆ ಯಾರಾದ್ರೂ ಅರ್ಜಿ ಹಾಕ್ತಾರೇನ್ರೀ?" ಅಂದೆ. ಒಬ್ಬರೂ ಕೇಳಲಿಲ್ಲ. ನಾಬು ತೊಂಬತ್ತಕ್ಕಿಂತ ಕೆಳಗೆ ಬಂದರೆ ಮಷೀನಿನ ಪರದೆ ಮೇಲೆ 'ಯಾಕೆ?' ಅಂತ ಕೇಳೋ ಒಂದು ಡಬ್ಬ ಬರಬೇಕು, ಅದರಲ್ಲಿ ನಾಲ್ಕು ಕಾರಣ ಇರಬೇಕು ಅಂತ ತೀರ್ಮಾನವಾಯ್ತು. ಹೊಸ ಟೂಲು, ಗಟ್ಟಿ ಲೋಹ, ಮೊದಲ ಪೀಸು, ಇತರೆ. ಒಂದನ್ನ ಒತ್ತೋವರೆಗೂ ಡಬ್ಬ ಹೋಗಲ್ಲ. 'ಇತರೆ' ಒತ್ತಿದರೆ ಏನು ಎತ್ತ ಅಂತ ಟೈಪ್ ಮಾಡಬೇಕು. ಸಂಬಳ ತಗೊಳ್ಳೋನು ನಾನು, ಬರೆದು ಕೊಟ್ಟೆ.

ಆಮೇಲೆ ಒಂದು ಸಂಜೆ ತಂಗಿ ಹೊಸೂರಿನ ನಮ್ಮ ಮನೆಗೆ ಬಂದಳು. ಮೈಮೇಲೆ ಯೂನಿಟ್ಟಿನ ಕೋಟು ಹಾಗೇ ಇತ್ತು. ಹೆಗಲಿಗೆ ಊಟದ ಬ್ಯಾಗು. ಹಬ್ಬವೂ ಇಲ್ಲ, ಏನೂ ಇಲ್ಲ. ಕೂತ್ಕೊಳ್ಳೇ ಅಂದರೆ ಕೂರಲಿಲ್ಲ.

"ನನ್ನ ಕಳ್ಳಿ ಅಂದ್ಬುಟ್ರು ಕಣಣ್ಣಾ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳೀತು. ಡಬ್ಬದಲ್ಲಿ ಒತ್ತಿದ ಕಾರಣಗಳ ರಿಪೋರ್ಟನ್ನ ಅವಳ ಮಾಲೀಕರು ತೆಗೆದು ನೋಡಿದ್ದಾರೆ. ಇವಳ ಮಷೀನಿನಲ್ಲಿ ದಿನವಿಡೀ 'ಹೊಸ ಟೂಲು, ಹೊಸ ಟೂಲು' ಅಂತ ಬಂದಿದೆ. ಕಟ್ಟರಿನ ತುದಿಗೆ ಕೂರಿಸೋ ಟೂಲು ಅಂದರೆ ಉಗುರಿನಷ್ಟೇ ಇರೋ ಗಟ್ಟಿ ಚೂರು, ಆದರೆ ಬಲು ದುಬಾರಿ. ಕೆಲವು ಕಡೆ ಅದನ್ನ ಕದ್ದು ಮಾರೋರೂ ಇದ್ದಾರೆ. ಇಷ್ಟೊಂದು ಹೊಸ ಟೂಲು ಹಾಕಿದ್ದೀಯಲ್ಲ, ಎಲ್ಲಮ್ಮಾ ಹೋದ್ವು ಅಂತ ಶಿಫ್ಟ್ ಬಿಡೋ ಹೊತ್ತಿನಲ್ಲಿ ಎಲ್ಲರ ಎದುರಿಗೆ ಕೇಳಿದ್ದಾರೆ. ಊಟದ ಬ್ಯಾಗು ತೆಗೆಸಿದ್ದಾರೆ. ಬುತ್ತಿ ಡಬ್ಬಿಯ ಮುಚ್ಚಳವನ್ನೂ ಬಿಚ್ಚಿಸಿದ್ದಾರೆ. ನಾಳೆಯಿಂದ ಮಷೀನ್ ಹತ್ರ ಹೋಗಬೇಡ, ವಿಚಾರ ಮಾಡ್ತೀನಿ ಅಂದಿದ್ದಾರೆ.

"ನೀನ್ಯಾಕೆ ಹೊಸ ಟೂಲು ಅಂತ ಒತ್ತಿದೆ?" ಅಂದೆ.

"ಅದು ಕೈಗೆ ಹತ್ರ ಐತೆ. ಕಟ್ಟರ್ ಕಿರುಚ್ತಾ ಇರುವಾಗ ನಿನ್ನ ಡಬ್ಬ ಓದ್ಕೊಂಡು ಕೂತ್ಕೊಳ್ಳಾ? ಎಲ್ರೂ ಅದನ್ನೇ ಒತ್ತೋದು."

ಅಯ್ಯೋ ದೇವರೇ ಅನ್ನಿಸ್ತು. ಪಟ್ಟಿಯಲ್ಲಿ ಮೊದಲನೆಯದು, ಹೆಬ್ಬೆರಳಿಗೆ ಸಿಗೋದು. ಎಣ್ಣೆ ಕೈಯಲ್ಲಿ ಒತ್ತಿ ಡಬ್ಬ ಓಡಿಸಿ ಮತ್ತೆ ಕಟ್ಟರ್ ನೋಡೋದು. ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ. ಮೈಯೆಲ್ಲ ಉರಿದುಹೋಯ್ತು. ಬೈಕಿನ ಕೀ ತಗೊಂಡು ಎದ್ದೆ.

"ಕೂತ್ಕೋ" ಅಂದಳು. "ನೀನು ಈಗ ಹೋಗಿ ಕೂಗಾಡಿದ್ರೆ ಕಳ್ಳಿ ಅಣ್ಣ ಬಂದಿದ್ದ ಅಂತಾರೆ, ಅಷ್ಟೇ. ಬೆಳಗ್ಗೆ ಹೋಗಾನ. ಎಲ್ರೂ ಇರೋವಾಗ್ಲೇ ಹೋಗಾನ. ನಂಗೆ ಆ ಕೆಲ್ಸ ಹೋದ್ರೆ ಹೋಗ್ಲಿ ಕಣಣ್ಣಾ, ಆದ್ರೆ ಆ ಹೆಸ್ರು ಹೊತ್ಕೊಂಡು ಆ ಊರಲ್ಲಿ ಹೆಂಗಿರ್ಲಿ?" ಆಗ ಅತ್ತಳು. ನನ್ನ ಹೆಂಡತಿ ಅವಳಿಗೆ ಕಾಫಿ ತಂದುಕೊಟ್ಟು ಪಕ್ಕದಲ್ಲೇ ಕೂತಳು. ನಾನು ಕೀಯನ್ನ ಮತ್ತೆ ಮೊಳೆಗೆ ತಗುಲಿಸಿದೆ.

ಬೆಳಗ್ಗೆ ಇಬ್ಬರೂ ಹೋದೆವು. ಮಾಲೀಕರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ತೆಲುಗು ಮನೆಯವರು, ಕನ್ನಡ ತಮಿಳು ಎರಡನ್ನೂ ಬೆರೆಸಿ ಮಾತಾಡ್ತಾರೆ. ತಾವೂ ಮಷೀನಿನ ಮುಂದೆ ನಿಂತೇ ಮೇಲೆ ಬಂದವರು. "ಬನ್ನಿ ತಂಬಿ" ಅಂತ ಕುರ್ಚಿ ಹಾಕಿಸಿದರು. ತಂಗಿಯ ಕಡೆ ಮಾತ್ರ ನೋಡಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ನುಂಗಿಕೊಂಡು ಒಂದೇ ಕೇಳಿದೆ. "ಸಾರ್, ಅವಳ ಮಷೀನನ್ನ ಸ್ವಲ್ಪ ನೀವೇ ಓಡ್ಸಿ. ಎಲ್ಲಿ ಇಳಿಸ್ಬೇಕು ಅನ್ಸುತ್ತೋ ಅಲ್ಲಿ ಇಳ್ಸಿ."

ಮಷೀನು ಮುಟ್ಟಿ ಬಹಳ ದಿನ ಆಗಿತ್ತೋ ಏನೋ, ಅವರಿಗೂ ಹುಮ್ಮಸ್ಸು ಬಂತು. ತೋಳು ಮಡಚಿ ನಿಂತರು. ಪಂಪಿನ ಮುಚ್ಚಳದ ಅಲ್ಯೂಮಿನಿಯಂ ಪೀಸನ್ನ ಮಷೀನಿಗೆ ಕಚ್ಚಿಸಿ ಶುರು ಮಾಡಿದರು. ತೆಳು ಅಂಚು ಬಂತು, ಸದ್ದು ಒರಟಾಯ್ತು, ಎಡಗೈ ನಾಬನ್ನ ಇಳಿಸಿತು. ಡಬ್ಬ ಬಂತು. ಹೆಬ್ಬೆರಳು ಹೋಗಿ ಒತ್ತಿತು. ಕಣ್ಣು ಕಟ್ಟರ್ ಬಿಟ್ಟು ಅಲುಗಲಿಲ್ಲ.

"ಏನು ಒತ್ತಿದ್ರಿ ಸಾರ್?"

"ಯಾವನಿಗ್ಗೊತ್ತು, ಅಡ್ಡ ಬಂತು, ಒತ್ತಿದೆ."

ಪೀಸು ಮುಗಿದ ಮೇಲೆ ರಿಪೋರ್ಟು ತೆಗೆದು ತೋರಿಸಿದೆ. ಹೊಸ ಟೂಲು. ಪಕ್ಕದ ಮಷೀನಿನದನ್ನೂ ತೆಗೆದೆ, ಅದರ ಪಕ್ಕದ್ದನ್ನೂ ತೆಗೆದೆ. ಎಲ್ಲ ಕಡೆ ಹೊಸ ಟೂಲೇ. ಅವರು ಇವಳ ಮಷೀನಿನದೊಂದನ್ನೇ ಯಾಕೆ ತೆಗೆದು ನೋಡಿದ್ದರು ಅಂತ ನಾನು ಕೇಳಲಿಲ್ಲ. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು.

ಅವರು ಪರದೆ ನೋಡಿದರು, ತಮ್ಮ ಹೆಬ್ಬೆರಳು ನೋಡಿಕೊಂಡರು, ಆಮೇಲೆ ಜೋರಾಗಿ ನಕ್ಕರು. ಸುತ್ತ ನಿಂತವರೂ ನಕ್ಕರು. ನನಗೂ ಒಂದು ಗಳಿಗೆ ನಗು ಬಂತು. "ಎಲಾ ಇವನ! ಹಂಗಾದ್ರೆ ನಾನೂ ಕಳ್ಳನೇ ಅನ್ನಿ. ವಿಡುಪ್ಪಾ, ಬಿಟ್ಟಾಕಿ. ಸಾಫ್ಟ್‌ವೇರ್ ತಪ್ಪು. ಹೋಗಮ್ಮಾ, ಹೋಗಿ ಕೆಲ್ಸ ನೋಡ್ಕೋ" ಅಂದರು. ನಾನು ಅಲ್ಲೇ ಸೆಟ್ಟಿಂಗ್ ತೆರೆದು ಆ ಹಾಳು ಡಬ್ಬವನ್ನ ಬರದ ಹಾಗೆ ಮಾಡಿದೆ. ಆಫೀಸಿನಲ್ಲಿ ಏನಾದರೂ ಬೈಯಲಿ, ಆಮೇಲೆ ನೋಡಿಕೊಂಡರಾಯ್ತು ಅಂದುಕೊಂಡೆ. ಎಲ್ಲಾ ಮುಗೀತು ಅಂತಲೇ ಲೆಕ್ಕ. ಬೈಕಿನ ಕೀ ಕೈಗೆ ತಗೊಂಡೆ.

ತಂಗಿ ಮಾತ್ರ ನಕ್ಕಿರಲಿಲ್ಲ. ಹೊಸ ಪೀಸು ಕಚ್ಚಿಸಿದಳು, ಬಾಗಿಲು ಎಳೆದಳು, ಸ್ಟಾರ್ಟ್ ಒತ್ತಿದಳು. ನಾಬು ನೂರರಲ್ಲಿತ್ತು. ಎರಡೂ ಕೈಯನ್ನ ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟಳು.

ತೆಳು ಅಂಚು ಬಂತು. ಕಟ್ಟರ್ ಗರಗರ ಅಂತು, ಆಮೇಲೆ ಕಿರುಚೋಕೆ ಶುರುವಾಯ್ತು. ಇಡೀ ಶೆಡ್ಡು ಈ ಕಡೆ ತಿರುಗಿತು. ಕ್ಯಾಬಿನ್ನಿಗೆ ಹೊರಟಿದ್ದ ಮಾಲೀಕರು ಓಡಿ ಬಂದರು.

"ಇಳ್ಸಮ್ಮಾ! ಇಳ್ಸು! ಏನ್ ನೋಡ್ತಾ ನಿಂತಿದೀಯ?"

"ಕಾರಣ ಹೇಳಿ ಸಾರ್, ಇಳಿಸ್ತೀನಿ."

ಅವರು ಕೈ ಚಾಚಿದರೆ ನಾಬು ಸಿಗ್ತಿತ್ತು. ನನಗೂ ಸಿಗ್ತಿತ್ತು. ಇಬ್ಬರೂ ಚಾಚಲಿಲ್ಲ. ಅವಳು ಅವರ ಮುಖವನ್ನೇ ನೋಡ್ತಾ ಇದ್ದಳು, ಕಣ್ಣಲ್ಲಿ ನೀರಿಲ್ಲ, ಸಿಟ್ಟೂ ಇಲ್ಲ. ಕಿರುಚಾಟಕ್ಕೆ ಪಕ್ಕದ ಮಷೀನಿನವರೂ ತಮ್ಮದು ನಿಲ್ಲಿಸಿ ಹತ್ತಿರ ಬಂದರು.

ಮಾಲೀಕರು ಸುತ್ತ ನಿಂತವರನ್ನ ಒಂದು ಸಲ ನೋಡಿದರು. ಆಮೇಲೆ ಆ ಸದ್ದಿನ ಮೇಲೆ ಕೇಳಿಸೋ ಹಾಗೆ, ಕೂಗಿಯೇ ಹೇಳಿದರು. "ನಿನ್ನ ಬ್ಯಾಗು ತೆಗೆಸಿದ್ದು ನನ್ನ ತಪ್ಪಮ್ಮಾ. ನೀನು ಕದ್ದಿಲ್ಲ."

ತಂಗಿ ಎಡಗೈ ಮುಂದೆ ತಂದು ನಾಬು ಇಳಿಸಿದಳು. ಆ ಕ್ಷಣವೇ ಸದ್ದು ಇಳೀತು.