ನಳದ ನಾಟಕ ಮತ್ತು ಅಪ್ಪನ ವಂದನಾರ್ಪಣೆ

ಎಂಬತ್ತರ ದಶಕದ ಮೊದಲ ವರ್ಷಗಳು. ಕಲಬುರಗಿಯ ಹೊಸ ವಿಶ್ವವಿದ್ಯಾಲಯದಲ್ಲಿ ನಾನು ಎಂ.ಎ. ಓದುತ್ತಿದ್ದೆ, ಅಂದರೆ ನಾಟಕ ಮಾಡುತ್ತಿದ್ದೆ. ಒಂದು ದಿನ ನಮ್ಮ ತಂಡದ ಗುರುಗಳು, "ನಿಮ್ಮ ನಿಮ್ಮ ಊರಾಗಿಂದ ಒಬ್ಬೊಬ್ಬ ಮನುಷ್ಯಾನ್ನ ಪಾತ್ರ ಮಾಡಿ ಹಿಡಕೊಂಡು ಬರ್ರಿ, ನಾಟಕ ತಾನೇ ಆಗ್ತದ" ಎಂದರು. ಸೇಡಂನ ಗೆಳೆಯ, ಕೇಳದಿದ್ದರೂ ಎಲ್ಲರಿಗೂ ಸಲಹೆ ಕೊಡುವ ಪಾನ್ ಅಂಗಡಿಯವನನ್ನು ತಂದ. ಚಿತ್ತಾಪುರದವನಾದ ನಾನು, ಊರಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬಂತೆ, ಸ್ವಂತ ಅಪ್ಪನನ್ನೇ ತಂದೆ.

ಅಪ್ಪ ಶಾಲಾ ಮಾಸ್ತರ. ಊರಿನಲ್ಲಿ ಯಾವ ಸಭೆ ಇದ್ದರೂ ವಂದನಾರ್ಪಣೆ ಅವರದೇ. ಹಿಂದಿನ ದಿನವೇ ಮನೆಯಲ್ಲಿ ಅವ್ವನ ಮುಂದೆ ತಾಲೀಮು. ಕನ್ನಡಕ ಒರೆಸಿಕೊಂಡು, ಕೋಟಿನ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಅಧ್ಯಕ್ಷರಿಂದ ಹಿಡಿದು ಕುರ್ಚಿ ಹೊತ್ತವರ ತನಕ ಒಬ್ಬರನ್ನೂ ಬಿಡದೆ ನೆನೆಯುವರು. ಅಷ್ಟು ಹೊತ್ತು ಕರೆಂಟು ತೆಗೆಯದವರಿಗೂ ಒಂದು ವಂದನೆ ಇರುತ್ತಿತ್ತು.

ನಾಟಕದ ಕಥೆ ಇಷ್ಟೇ. ಸಣ್ಣ ಊರೊಂದರಲ್ಲಿ ನೀರಿನ ನಳದ ಉದ್ಘಾಟನೆ. ಎಲ್ಲರೂ ಭಾಷಣ ಮಾಡುತ್ತಾರೆ, ನೀರು ಮಾತ್ರ ಬರುವುದಿಲ್ಲ. ಕೊನೆಗೆ ಮಾಸ್ತರನೊಬ್ಬ ಎದ್ದು, ಬಾರದ ನೀರಿಗೂ ವಂದನೆ ಅರ್ಪಿಸುತ್ತಾನೆ. ಆ ಮಾಸ್ತರ ನಾನು. ವಿಶ್ವವಿದ್ಯಾಲಯದಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಹಾಬಾದಿನಲ್ಲಿ ಕಲ್ಲುಗಣಿಯ ಮಂದಿ "ವನ್ಸ್ ಮೋರ್" ಎಂದು ಆ ದೃಶ್ಯವನ್ನು ಎರಡು ಸಲ ಆಡಿಸಿದರು. ನಾನು ಉಬ್ಬಿಹೋದೆ. ಆ ಉಬ್ಬಿನಲ್ಲೇ "ನಮ್ಮೂರಿಗೂ ಹೋಗೋಣ" ಅಂದುಬಿಟ್ಟೆ.

ವಾಡಿಯಲ್ಲಿ ಗಾಡಿ ಬದಲಿಸುವಾಗ ಟಿ.ಸಿ. ನಮ್ಮ ತಗಡಿನ ನಳವನ್ನು ಮುಟ್ಟಿ ನೋಡಿ, "ಇದಕ್ಕೂ ಟಿಕೀಟ ತಗಸೀರೇನು?" ಎಂದ. ಚಿತ್ತಾಪುರದ ತನಕ ಅದೇ ನಗೆ.

ಸಂಜೆ ಶಾಲೆಯ ಮೈದಾನ ತುಂಬಿತ್ತು. ಅಪ್ಪ ಮೊದಲ ಸಾಲಿನಲ್ಲಿದ್ದರು. ನಾನು ಬಣ್ಣ ಹಚ್ಚಿಕೊಳ್ಳುವಾಗ ಊರಿನ ಸಂಘಟಕರು ಬಂದು, "ನಾಟಕ ಮುಗದ ಮ್ಯಾಲ ವಂದನಾರ್ಪಣಿ ನಿಮ್ಮ ಅಪ್ಪಾರದೇ, ಹೇಳೀವಿ" ಎಂದರು. ನಮ್ಮೂರಿನ ಯಾವ ಸಭೆಯೂ ಅಪ್ಪನ ವಂದನಾರ್ಪಣೆಯಿಲ್ಲದೆ ಮುಗಿಯುವುದಿಲ್ಲ ಎಂಬುದನ್ನೇ ಆಡಿಕೊಂಡು ಪಾತ್ರ ಕಟ್ಟಿದ್ದವನು, ಅದನ್ನೇ ಮರೆತಿದ್ದೆ. ನಾನು ನಗಿಸಲಿರುವ ಮಂದಿಯ ಮುಂದೆ, ಅದೇ ಮೈಕಿನಲ್ಲಿ, ನಾಟಕ ಮುಗಿದ ಕೂಡಲೇ ಅವರು ನಿಲ್ಲಬೇಕು. ಹುಟ್ಟಿದೂರಿನಲ್ಲಿ ಅಪ್ಪನ ಮಾನ ಕಳೆಯಲು ಎಂ.ಎ. ತನಕ ಓದಿದ ಹಾಗಾಗಿತ್ತು.

"ನನ್ನ ದೃಶ್ಯ ತಗದುಬಿಡ್ರಿ ಸರ್" ಎಂದು ಗುರುಗಳನ್ನು ಬೇಡಿಕೊಂಡೆ.

"ಅದನ್ನ ತಗದ್ರ ಏನು ಉಳೀತದೋ? ಖಾಲಿ ನಳ" ಎಂದು ನನ್ನನ್ನು ರಂಗಕ್ಕೆ ತಳ್ಳಿದರು.

ಮೆಲ್ಲಗೆ, ಹಿಡಿದು ಹಿಡಿದು ಆಡಬೇಕೆಂದುಕೊಂಡಿದ್ದೆ. ಕನ್ನಡಕ ಒರೆಸಿದೆನೋ ಇಲ್ಲವೋ, ಇಡೀ ಮೈದಾನಕ್ಕೆ ಗುರುತು ಹತ್ತಿತು. "ಮಾಸ್ತರ್ರ, ಮ್ಯಾಲ ನೀವೇ ಬಂದೀರಲ್ರಿ" ಎಂದು ಯಾರೋ ಕೂಗಿದರು. ನಗೆ ನಿಲ್ಲಲಿಲ್ಲ. ಮೊದಲ ಸಾಲಿನ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಪರದೆ ಬಿದ್ದ ಮೇಲೆ ಅಪ್ಪ ಮೇಲೆ ಬಂದರು. ಕನ್ನಡಕ ಒರೆಸಿದರು. ನಗೆ. ಜೇಬಿನಿಂದ ಕಾಗದ ತೆಗೆದರು. ಇನ್ನೂ ದೊಡ್ಡ ನಗೆ. ಗದ್ದಲ ಇಳಿಯುವ ತನಕ ಕಾದು, ಎಂದಿನಂತೆ ಒಬ್ಬರನ್ನೂ ಬಿಡದೆ ಓದಿದರು. ಒಂದೊಂದು ಹೆಸರಿಗೂ ಚಪ್ಪಾಳೆ ಬಿತ್ತು. ಕೊನೆಗೆ ಕಾಗದ ಮಡಚಿ, ಪುಸ್ತಕದ ಕನ್ನಡ ಬಿಟ್ಟು ಮನೆಯ ಮಾತಿಗೆ ಇಳಿದರು.

"ಇನ್ನೊಬ್ಬಂವ ಉಳದಾನ. ನನ್ನ ಪಾರ್ಟ್ ಮಾಡಿದ ಹುಡುಗ. ಇಪ್ಪತ್ತು ವರ್ಷಾತು, ಈ ಊರಾಗ ವಂದನಾರ್ಪಣಿ ಮಾಡ್ಲಿಕತ್ತೀನಿ. ನಾ ಮೈಕ್ ಹಿಡದ ಕೂಡ್ಲೇ ಮಂದಿ ಚಪ್ಪಲಿ ಹುಡುಕ್ತಿದ್ರು. ಭಾಳ ಸಲ ಖಾಲಿ ಕುರ್ಚಿಗೇ ವಂದಿಸೀನಿ. ಇವತ್ತ ಒಬ್ಬರೂ ಎದ್ದಿಲ್ಲ, ನೋಡ್ರಿ. ಆ ಹುಡುಗಗ ನನ್ನ ಶರಣು."

ಪರದೆಯ ಹಿಂದೆ ನಾನು ನಗುತ್ತಿದ್ದೆ, ಬಣ್ಣವೆಲ್ಲ ಕಣ್ಣೀರಿನಲ್ಲಿ ಇಳಿಯುತ್ತಿತ್ತು. ಹಾಗೆ ಚಪ್ಪಲಿ ಹುಡುಕುತ್ತಿದ್ದವರಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವನು ನಾನು. ಸಭೆಯಲ್ಲಿ ಅಪ್ಪನ ಮಾತನ್ನು ಕೊನೆಯ ತನಕ ನಿಂತು ಕೇಳಿದ್ದು ಅದೇ ಮೊದಲು.