ಮರ್ಲ್ ಹೆಸರಿನ ಹಕ್ಕಿ

ಪೆನ್‌ರೋಸ್ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಮರ್ಲ್ ಟ್ರೆಡಿನಿಕ್ ಐವತ್ತನಾಲ್ಕು ವರ್ಷ ಸತ್ತ ಹಕ್ಕಿಗಳ ಜೊತೆ ಬಾಳಿದಳು. ನಲವತ್ತೆರಡು ವರ್ಷ ಸಂಬಳಕ್ಕೆ, ನಿವೃತ್ತಿಯಾದ ಮೇಲೆ ಹನ್ನೆರಡು ವರ್ಷ ಪುಕ್ಕಟೆಯಾಗಿ, ಮಂಗಳವಾರ ಮಂಗಳವಾರ. ಬಂದರಿನಲ್ಲಿ ಗೋಧಿ ಮೂಟೆ ಹೊರುತ್ತಿದ್ದ ಅಪ್ಪ ಹದಿನೆಂಟರ ಮಗಳನ್ನು ಅಲ್ಲಿಗೆ ಸೇರಿಸಿದಾಗ, ಹುಡುಗಿ ಟೈಪಿಂಗ್ ಮಾಡುತ್ತಾಳೆಂದು ನೆರೆಹೊರೆಯಲ್ಲಿ ಹೇಳಿಕೊಂಡಿದ್ದ. ಅವಳು ಮಾಡುತ್ತಿದ್ದದ್ದು ಹಕ್ಕಿ ಸುಲಿಯುವ ಕೆಲಸ. ಹೊಟ್ಟೆ ಸೀಳಿ, ಮಾಂಸ ತೆಗೆದು, ಜೋಳದ ಹಿಟ್ಟು ಉದುರಿಸಿ ಜಿಡ್ಡು ಹೀರಿಸಿ, ಒಳಗೆ ಪಾಷಾಣದ ಸೋಪು ಸವರಿ, ಹತ್ತಿ ತುಂಬಿ ಹೊಲಿಯಬೇಕು. ಕಣ್ಣಿನ ಗುಂಡಿಯಲ್ಲೂ ಹತ್ತಿಯೇ. ಕೊನೆಗೆ ಕಾಲೆರಡನ್ನೂ ಜೋಡಿಸಿ ಕಟ್ಟಿ ಮಲಗಿಸಿದರೆ ಮುಗಿಯಿತು.

ಹಕ್ಕಿಗಿಂತ, ಹಿಡಿದವನು ಅದರ ಕಾಲಿಗೆ ಕಟ್ಟಿದ ಚೀಟಿ ದೊಡ್ಡದು ಎಂಬುದು ಆ ಕಸುಬಿನ ಮೊದಲ ಪಾಠ. ಎಲ್ಲಿ ಸಿಕ್ಕಿತು, ಯಾವ ದಿನ, ಗಂಡೋ ಹೆಣ್ಣೋ, ಕಣ್ಣಿನ ಬಣ್ಣ ಏನು, ಎಲ್ಲ ಅದರಲ್ಲಿರುತ್ತದೆ. ಕಣ್ಣು ಉಳಿಯುವುದಿಲ್ಲ, ಹಿಡಿದವನು ಬರೆದ ಬಣ್ಣ ಮಾತ್ರ ಉಳಿಯುತ್ತದೆ. ಆದ್ದರಿಂದ ಕಾಲಿಗೆ ಕಟ್ಟಿದ ಚೀಟಿಯನ್ನು ಸುಲಿಯುವಾಗಲೂ ಬಿಚ್ಚಬಾರದು. ಮರ್ಲ್ ಬಿಚ್ಚುತ್ತಿದ್ದಳು. ರಕ್ತ ಜಿಡ್ಡು ತಾಗದೆ ಅವಳ ಚೀಟಿಗಳು ಲಕಲಕ ಎನ್ನುತ್ತಿದ್ದವು. ಮೇಲಧಿಕಾರಿ ಡಾಕ್ಟರ್ ಹ್ಯಾಸ್ಲಮ್ ಬಂದವರಿಗೆಲ್ಲ ಅವನ್ನು ತೋರಿಸಿ, ನಮ್ಮ ಹುಡುಗಿಯ ಕೈ ನೋಡಿ ಎಂದು ಹೊಗಳುತ್ತಿದ್ದರು. ಇಪ್ಪತ್ತೊಂದು ವರ್ಷದವಳಿಗೆ ಅಷ್ಟು ಸಾಕಲ್ಲ, ತಲೆ ತಿರುಗಲಿಕ್ಕೆ.

ಐವತ್ತೊಂಬತ್ತನೆಯ ಇಸವಿಯ ಜನವರಿ, ಆ ದಕ್ಷಿಣಾರ್ಧಗೋಳದ ನಾಡಿಗೆ ಕಡುಬೇಸಿಗೆ. ಉತ್ತರದ ಬಿಸಿಗಾಳಿ ಮೂರು ದಿನದಿಂದ ಬೀಸುತ್ತಿತ್ತು, ಹಕ್ಕಿಗಳು ಬಂದ ಪೆಟ್ಟಿಗೆಗಳ ಮಂಜುಗಡ್ಡೆ ಕರಗುತ್ತಿತ್ತು, ಹಕ್ಕಿಗಳು ಕೆಡುವ ಮೊದಲು ಮುಗಿಸಬೇಕಿತ್ತು. ಒಂದು ಪೆಟ್ಟಿಗೆ ಕಡಲಿನ ನಡುವಿನ ಪೆಂಗಿಲಿ ದ್ವೀಪದ್ದು, ಇನ್ನೊಂದು ಒಳನಾಡಿನ ಉಪ್ಪುಕೆರೆಗಳ ಕಡೆಯದು. ಮೇಜಿನ ಮೇಲೆ ಹಕ್ಕಿಗಳ ಸಾಲು, ಅದರ ಎದುರಿಗೆ ಬಿಚ್ಚಿಟ್ಟ ಚೀಟಿಗಳ ಸಾಲು. ಯಾರೋ ಮೇಲಿನ ಬಾಗಿಲು ತೆರೆದರು. ಒಂದೇ ಒಂದು ಸಲ ಗಾಳಿ ನುಗ್ಗಿ ಚೀಟಿಗಳನ್ನೆಲ್ಲ ನೆಲಕ್ಕೆ ಚೆಲ್ಲಿತು. ಮರ್ಲ್ ಮಂಡಿಯೂರಿ ಆಯ್ದುಕೊಂಡಳು. ಹಕ್ಕಿಗಳನ್ನು ಬಲ್ಲವಳು, ಒಂದೊಂದಕ್ಕೂ ಅದರದರ ಚೀಟಿ ಹೊಂದಿಸಿದಳು. ಕೊನೆಗೆ ಎರಡು ಹಕ್ಕಿ, ಎರಡು ಚೀಟಿ ಉಳಿದವು. ಎರಡೂ ಹೆಬ್ಬೆರಳುದ್ದದ, ಮಣ್ಣು ಬಣ್ಣದ, ಹುಳ ಹೆಕ್ಕಿ ತಿನ್ನುವ ಥಾರ್ನ್‌ಬಿಲ್‌ಗಳು. ಪುಕ್ಕವೆಲ್ಲ ನೆನೆದು ಅಂಟಿಕೊಂಡಿದ್ದವು. ಒಂದು ಚೀಟಿಯಲ್ಲಿ ದ್ವೀಪ, ಕೆಂಪು ಕಣ್ಣು. ಇನ್ನೊಂದರಲ್ಲಿ ಉಪ್ಪುಕೆರೆ, ಬಿಳಿ ಕಣ್ಣು. ಕಣ್ಣುಗಳನ್ನು ಅವಳು ಆಗಲೇ ಕಿತ್ತು ಡಬ್ಬಿಗೆ ಹಾಕಿಯಾಗಿತ್ತು. ಒಂದು ಕ್ಷಣ ಯೋಚಿಸಿ, ಅಂದಾಜಿನ ಮೇಲೆ ಕಟ್ಟಿದಳು.

ಅಂದಾಜು ತಪ್ಪಿತ್ತು. ಪುಕ್ಕ ಒಣಗಿ ಅರಳಿದ ಮೇಲೆ ಅವಳಿಗೇ ಅದು ಗೊತ್ತಾಯಿತು. ಹೇಳಿಬಿಡೋಣವೆಂದು ಮೇಲೆ ಹತ್ತಿಹೋದರೆ ಹ್ಯಾಸ್ಲಮ್ ದ್ವೀಪದ ಚೀಟಿ ಹೊತ್ತ ಉಪ್ಪುಕೆರೆಯ ಹಕ್ಕಿಯನ್ನೇ ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬಳಿ ನಿಂತಿದ್ದರು. ಎದೆಯ ಪುಕ್ಕದಲ್ಲಿ ಒಂದು ಕಪ್ಪು ಗೀರೂ ಇಲ್ಲ, ಬಾಲದ ಬುಡ ತುಕ್ಕಿನ ಬಣ್ಣ, ಒಳನಾಡಿನದರಂತೆಯೇ. ಆದರೆ ದ್ವೀಪದ್ದು, ಕಣ್ಣು ಕೆಂಪು. ಇಂಥದ್ದನ್ನು ಲೋಕದಲ್ಲಿ ಯಾರೂ ಕಂಡಿಲ್ಲ ಎಂದರು. ಮರ್ಲ್ ಬಾಯಿ ತೆರೆದಳು.

"ಇದಕ್ಕೆ ನಿನ್ನ ಹೆಸರೇ ಇಡ್ತೀನಮ್ಮ," ಎಂದರು ಹ್ಯಾಸ್ಲಮ್. "ಹತ್ತು ವರ್ಷಕ್ಕೆ ಇಷ್ಟು ಚೊಕ್ಕವಾಗಿ ಸುಲಿದಿದ್ದನ್ನ ನಾ ಕಂಡಿಲ್ಲ."

ತೆರೆದ ಬಾಯಿ ಮುಚ್ಚಿಕೊಂಡಿತು. ಕೆಳಗಿಳಿದು ಬಂದು ಇನ್ನೊಂದು ಹಕ್ಕಿಯನ್ನು, ನಿಜವಾದ ದ್ವೀಪದ ಹಕ್ಕಿಯನ್ನು, ಖಾನೆಯ ತೀರಾ ಹಿಂದಕ್ಕೆ, ಯಾರೂ ಕೈಹಾಕದ ಹಳೆಯ ಚರ್ಮಗಳ ಅಡಿಗೆ ತಳ್ಳಿದಳು. ಮೊದಲಿನದು ತಪ್ಪಾಗಿತ್ತು, ಇದು ಕಳ್ಳತನ. ಆ ವ್ಯತ್ಯಾಸ ಅವಳಿಗೆ ಆಗಲೇ ಗೊತ್ತಿತ್ತು.

ಹೀಗೆ ಒಂದರ ಮೈ, ಇನ್ನೊಂದರ ಕಣ್ಣು ಸೇರಿ ಇಲ್ಲದ ಹಕ್ಕಿಯೊಂದು ಹುಟ್ಟಿತು. ಪಂಡಿತರ ಪತ್ರಿಕೆಯಲ್ಲಿ ಬಂತು. ಚಿತ್ರಕಾರನೊಬ್ಬ ಅದನ್ನು ಕೊಂಬೆಯ ಮೇಲೆ ಕೂರಿಸಿ, ಕೆಂಪು ಕಣ್ಣಿಟ್ಟು ಬರೆದ. ಊರಲ್ಲಿ ಎಲ್ಲರ ಮನೆಯಲ್ಲಿರುವ ಹಕ್ಕಿ ಪುಸ್ತಕದಲ್ಲಿ ಅದು ಅಚ್ಚಾಯಿತು, ಕೆಳಗೆ ಮರ್ಲ್ ಹೆಸರು, ಪಕ್ಕದಲ್ಲಿ ಅಳಿದಿರಬಹುದು ಎಂಬ ಮಾತು. ಮರ್ಲ್ ತನ್ನ ಪ್ರತಿಯ ಆ ಪುಟವನ್ನು ಮುಂದಿನ ಪುಟಕ್ಕೆ ಅಂಟು ಹಾಕಿ ಮೆತ್ತಿದಳು. ಆದರೂ ಹಿತ್ತಲ ಬೇಲಿಯಲ್ಲಿ ಚಿಕ್ಕ ಹಕ್ಕಿ ಏನಾದರೂ ಅಲುಗಿದರೆ ಅವಳು ತಲೆಯೆತ್ತುತ್ತಿರಲಿಲ್ಲ. ಎತ್ತಿದರೆ ಅದು ಕೆಂಪು ಕಣ್ಣಿನಿಂದ ತನ್ನನ್ನೇ ನೋಡುತ್ತಿರುತ್ತದೆ ಎಂಬ ಭಯ. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಮದುವೆಯಾಗಿದ್ದರೆ ಗಂಡನಿಗೆ ಹೇಳುತ್ತಿದ್ದಳೋ ಏನೋ.

ಪಂಡಿತರ ವಿಷಯ ಹೇಳುವುದೇ ಬೇಡ. ಮರ್ಲ್ ಸೇರಿದಾಗ ಈ ಥಾರ್ನ್‌ಬಿಲ್‌ಗಳು ಯೂರೋಪಿನ ಉಲಿಯಕ್ಕಿಗಳ ಕುಲದಲ್ಲಿದ್ದವು. ಆಮೇಲೆ, ಇವು ಅವರ ಪೈಕಿಯಲ್ಲ ಎಂದು ಕಿತ್ತು ನೀಲಿ ರೆನ್ ಹಕ್ಕಿಗಳ ಪಾಲಿಗೆ ಹಾಕಿದರು. ಅಲ್ಲೂ ಹೊಂದಲಿಲ್ಲವೆಂದು ಕೊನೆಗೆ ಇವಕ್ಕೇ ಪ್ರತ್ಯೇಕ ಕುಲ ಕಟ್ಟಿಕೊಟ್ಟರು. ಹುಳ ತಿನ್ನುವ ಹಕ್ಕಿಗಳಿಗೆ ಇದರ ಪರಿವೆಯೇ ಇಲ್ಲ, ಖಾನೆ ಹೊತ್ತು ಮೆಟ್ಟಿಲು ಹತ್ತಿಳಿಯುವವರಿಗೆ ಮಾತ್ರ ಸೊಂಟ ನೋವು. ಪ್ರತಿ ಸಲವೂ ಆ ಒಂದು ಖಾನೆಯನ್ನು ಮರ್ಲ್ ಬೇರೆಯವರ ಕೈಗೆ ಕೊಡಲಿಲ್ಲ.

ಅರವತ್ತನಾಲ್ಕರಲ್ಲಿ ಆರ್ನೋ ಷಿರ್ಮರ್ ಬಂದ. ಬರೋಸಾ ಕಣಿವೆಯ ಜರ್ಮನ್ ಮನೆತನದವನು, ಸ್ಕೂಲ್ ಮೇಷ್ಟ್ರು, ಉದ್ದ ಕಾಲಿನ ಮೂವತ್ತೊಂದರ ಹುಡುಗ. ಮರ್ಲ್ ಹೆಸರಿನ ಹಕ್ಕಿಯನ್ನು ಜೀವಂತ ನೋಡುವುದೇ ಅವನ ಹಟ. ಪ್ರತಿ ಡಿಸೆಂಬರಿನಲ್ಲಿ ಸ್ಕೂಲಿಗೆ ರಜೆ ಬಿಟ್ಟ ಮಾರನೆಯ ದಿನ ಮೀನಿನ ದೋಣಿ ಹಿಡಿದು ದ್ವೀಪಕ್ಕೆ ಹೋಗುತ್ತಿದ್ದ, ಸುಟ್ಟ ಮೂಗು ಹೊತ್ತು ವಾಪಸ್ಸು ಬರುತ್ತಿದ್ದ. ಹೋಗುವ ಮುಂಚೆ ಒಮ್ಮೆ, ಬಂದ ಮೇಲೊಮ್ಮೆ ನೆಲಮಾಳಿಗೆಗೆ ಬಂದು, ಹೆಂಡತಿ ಹೆಡ್ವಿಗ್, ಅವನ ಬಾಯಲ್ಲಿ ಹೆಡಿ, ಮಾಡಿಕೊಟ್ಟ ಪುಡಿಸಕ್ಕರೆಯ ಕೇಕನ್ನು ಮರ್ಲ್ ಮುಂದಿಟ್ಟು ಟೀ ಕುಡಿಯುತ್ತಿದ್ದ. ನನ್ನ ಗಂಡನ ಇನ್ನೊಬ್ಬ ಹೆಂಡತಿಗೆ ಎಂದು ಹೆಡ್ವಿಗ್ ಡಬ್ಬಿಯ ಮೇಲೆ ಬರೆದು ಕಳಿಸುತ್ತಿದ್ದಳು. ಮರ್ಲ್ ಈ ವರ್ಷ ಹೇಳುತ್ತೇನೆ, ಮುಂದಿನ ವರ್ಷ ಹೇಳುತ್ತೇನೆ ಎಂದು ಇಪ್ಪತ್ತನಾಲ್ಕು ವರ್ಷ ತಳ್ಳಿದಳು.

ಎಂಬತ್ತೆಂಟರಲ್ಲಿ ಹೆಡ್ವಿಗ್ ಆಸ್ಪತ್ರೆಯಲ್ಲಿದ್ದಳು. ಡಾಕ್ಟರು ಇನ್ನೂ ಕೆಲವು ತಿಂಗಳಿದೆ ಎಂದಿದ್ದರು, ಅವಳೂ ಹೋಗಿ ಬಾ ಎಂದಿದ್ದಳು. ನಾಲ್ಕೇ ದಿನ ಎಂದು ಹೋದ ಆರ್ನೋ ಬರುವಷ್ಟರಲ್ಲಿ ಮಣ್ಣು ಮಾಡಲಿಕ್ಕೆ ಕಾಯುತ್ತಿದ್ದರು. ಹದಿನೈದು ದಿನ ಬಿಟ್ಟು ಅವನು ಕೇಕಿಲ್ಲದೆ ನೆಲಮಾಳಿಗೆಗೆ ಬಂದ. ಮೂರನೆಯ ದಿನ ಬೆಳಿಗ್ಗೆ ಹಕ್ಕಿಯನ್ನು ಕಂಡೆ ಎಂದ. ಮಾರುದ್ದ ದೂರದ ಪೊದೆಯ ಮೇಲೆ. ಎದೆಯಲ್ಲಿ ಒಂದು ಗೀರಿಲ್ಲ, ಬಾಲದ ಬುಡ ತುಕ್ಕು, ಕಣ್ಣು ಕೆಂಪು. ಹಾರಲಿಲ್ಲ, ಹೆದರಲಿಲ್ಲ. ಫೋಟೋ ಯಾಕೆ ತೆಗೆಯಲಿಲ್ಲ ಎಂದು ಬೇರೆಯವರು ಕೇಳುತ್ತಾರೆ, ಅದಕ್ಕೆ ನಿನಗೊಬ್ಬಳಿಗೇ ಹೇಳುತ್ತಿದ್ದೇನೆ ಎಂದ.

ಅಂಥದ್ದು ಇಲ್ಲ ಎಂದರೆ, ನೀನು ಹೆಂಡತಿಯನ್ನು ಬಿಟ್ಟುಹೋದದ್ದು ನನ್ನ ಸುಳ್ಳಿಗಾಗಿ ಎಂದ ಹಾಗೆ. ಅದನ್ನು ಹೇಳುವ ಎದೆ ಯಾರಿಗಿರುತ್ತದೆ? ಮರ್ಲ್ ಮತ್ತೆ ಇಪ್ಪತ್ತೊಂದು ವರ್ಷ ಉಸಿರೆತ್ತಲಿಲ್ಲ.

ಕೊನೆಗೆ ಮಾತು ಕಕ್ಕಿಸಿದ್ದು ಒಂದು ಸಣ್ಣ ಬ್ಲೇಡು. ಹ್ಯಾಸ್ಲಮ್ ಯಾವಾಗಲೋ ಹೋಗಿಬಿಟ್ಟಿದ್ದರು. ಅವರ ಜಾಗದಲ್ಲಿ ಈಗ ಇಮೋಜೆನ್ ಕ್ವಾನ್ ಎಂಬ ಚುರುಕು ಹುಡುಗಿ. ಥಾರ್ನ್‌ಬಿಲ್ ಕುಲದ ವಂಶವೃಕ್ಷವನ್ನು ಮತ್ತೆ ಬರೆಯಬೇಕೆಂದು ಅವಳು ಪ್ರತಿ ಹಕ್ಕಿಯ ಕಾಲ್ಬೆರಳಿನಿಂದ ಚೂರು ಚರ್ಮ ಕೊಯ್ದು ಡಿಎನ್ಎ ಪರೀಕ್ಷೆಗೆ ಕಳಿಸುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಎಲ್ಲ ಬಯಲಾಗುತ್ತದೆ. ಅಚ್ಚಾದ ಕಾಗದದಲ್ಲಿ ಆರ್ನೋ ಅದನ್ನು ಓದುತ್ತಾನೆ. ಮರ್ಲ್‌ಗೆ ಅದೊಂದು ಆಗಬಾರದು ಎನಿಸಿತು. ತನ್ನ ಬಾಯಿಂದಲೇ ಕೇಳಲಿ, ಉಗಿಯುವುದಿದ್ದರೆ ಮುಖಕ್ಕೇ ಉಗಿಯಲಿ.

ಡಿಸೆಂಬರಿನ ಮೊದಲ ಮಂಗಳವಾರ ಆರ್ನೋ ಬಂದ. ಎಪ್ಪತ್ತಾರು ವರ್ಷ, ಮಂಡಿಯಲ್ಲಿ ಲೋಹದ ಚಿಪ್ಪು, ಕುತ್ತಿಗೆಯಲ್ಲಿ ಅದೇ ದುರ್ಬೀನು. ಮುಂದಿನ ಸೋಮವಾರ ದೋಣಿ ಎಂದ. ಮರ್ಲ್ ಟೀ ಕೊಡಲಿಲ್ಲ. ಎರಡು ಹಕ್ಕಿಗಳನ್ನೂ ತಂದು ಅವನ ಮುಂದೆ ಮಲಗಿಸಿ, ಗಾಳಿ ಬಂದದ್ದರಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಹೇಳುವಾಗ ಅಳಲಿಲ್ಲ; ಅಳುವ ಹಕ್ಕು ತನಗಿಲ್ಲವೆಂದು ನಿರ್ಧರಿಸಿಕೊಂಡೇ ಕೂತಿದ್ದಳು.

ಆರ್ನೋ ಕೂಗಾಡಲಿಲ್ಲ. ದುರ್ಬೀನು ಬಿಚ್ಚಿ ಮೇಜಿನ ಮೇಲಿಟ್ಟು, ಐವತ್ತು ವರ್ಷ ಖಾನೆಯ ಹಿಂದೆ ಅಡಗಿದ್ದ ಹಕ್ಕಿಯ ಮೇಲೆ ಬಗ್ಗಿದ. ಎದೆಯ ತುಂಬ ಗೀರು, ಯಾರ ಹಿತ್ತಲಲ್ಲಾದರೂ ಸಿಗುವಂಥದ್ದು.

"ಇದು ಗೊತ್ತು ನಂಗೆ," ಎಂದ. "ಟೆಂಟಿನ ಹಗ್ಗದ ಮೇಲೇ ಬಂದು ಕೂರ್ತಿತ್ತು. ಇದರ ಗಲಾಟೇಲಿ ಆ ಹಕ್ಕಿ ದನಿ ಕೇಳಿಸಲ್ಲ ಅಂತ ಕಲ್ಲೆಸೆದು ಓಡಿಸ್ತಿದ್ದೆ."

"ಬೈಯೋದಾದ್ರೆ ಬೈದುಬಿಡು ಆರ್ನೋ."

ಅವನು ಟೋಪಿ ಹಾಕಿಕೊಂಡು ಮೆಟ್ಟಿಲವರೆಗೆ ಹೋಗಿ ಕಟಕಟೆ ಹಿಡಿದು ನಿಂತ.

"ಅಂಥ ಹಕ್ಕಿ ಎಲ್ಲೂ ಇಲ್ಲ ಅಂತೀಯ."

"ಇಲ್ಲ. ಯಾವತ್ತೂ ಇರಲಿಲ್ಲ."

"ಅದು ನನ್ನ ನೋಡ್ತು ಮರ್ಲ್. ಆರೂಕಾಲು ಗಂಟೆ, ಗಡಿಯಾರ ನೋಡಿ ಬರ್ಕೊಂಡಿದೀನಿ. ಹೆಡಿ ಹೋಗಿದ್ದೂ ಅವತ್ತೇ, ಆರೂಕಾಲಿಗೇ ಅಂತ ನರ್ಸಮ್ಮ ಹೇಳಿದ್ರು. ಹಾಗಾದ್ರೆ ನನ್ನ ನೋಡಿದ್ದು ಯಾರು?"

ಲೋಹದ ಮಂಡಿಯ ಟಕಟಕ ಮೆಟ್ಟಿಲಲ್ಲಿ ಮೇಲೇರಿ ಮರೆಯಾಯಿತು. ಆ ಸಂಜೆಯೇ ಅವಳು ಇಮೋಜೆನ್‌ಗೆ ಎಲ್ಲವನ್ನೂ ಬರೆದುಕೊಟ್ಟಳು, ಆ ಹಕ್ಕಿಯ ಹೆಸರು ಹೊಡೆದುಹಾಕುವ ಕೆಲಸ ಶುರುವಾಯಿತು. ಹಗುರಾಗುತ್ತೇನೆಂದು ಮರ್ಲ್ ಅಂದುಕೊಂಡಿದ್ದಳು. ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಅಂಜುತ್ತಲೇ ಆರ್ನೋಗೆ ಫೋನು ಮಾಡಿದಳು. ಅವನು ಹೊರಡುವ ಗಡಿಬಿಡಿಯಲ್ಲಿದ್ದ, ದನಿಯಲ್ಲಿ ಸಿಟ್ಟಿರಲಿಲ್ಲ, ಎಷ್ಟೋ ವರ್ಷದಿಂದ ಇಲ್ಲದ ಒಂದು ಗೆಲುವಿತ್ತು. ದುರ್ಬೀನು ಇಲ್ಲೇ ಉಳಿದಿದೆ, ಟ್ಯಾಕ್ಸಿಯಲ್ಲಿ ಕಳಿಸಿಕೊಡುತ್ತೇನೆ ಎಂದಳು ಮರ್ಲ್.

"ಬೇಡ, ನೀನೇ ಇಟ್ಕೊ," ಎಂದ ಆರ್ನೋ. "ಹೆಡಿ ಅಷ್ಟು ದೂರ ಕೂರಲ್ಲ."