ಹದಿನೇಳನೇ ಫ್ಯಾನಿನ ಪರವಾಗಿ

ನಮ್ಮ ಓನರ್ ಮನೆಯ ದೇವರ ಗೂಡಿನಲ್ಲಿ ವೆಂಕಟರಮಣ, ಮುನೇಶ್ವರ, ತೀರಿಹೋದ ಅವರ ತಂದೆ, ಇಷ್ಟು ಜನರ ಸಾಲಿನಲ್ಲಿ ಒಂದು ಫ್ಯಾನಿನ ಫೋಟೋ ಇತ್ತು. ಸೂರಿಗೆ ತೂಗುಹಾಕುವ ಫ್ಯಾನಲ್ಲ. ಗುಡ್ಡದ ಮೇಲೆ ನಿಂತು ಗಾಳಿಯಿಂದ ಕರೆಂಟು ತೆಗೆಯುವ ಮೂರು ರೆಕ್ಕೆಯ ಗಾಳಿಯಂತ್ರ. ಆಯುಧಪೂಜೆಯ ದಿನ ಓನರ್ ಮೊದಲು ಸ್ಕೂಟರಿಗೆ, ಆಮೇಲೆ ನೀರಿನ ಮೋಟರಿಗೆ, ಕೊನೆಗೆ ಈ ಫೋಟೋಗೆ ಕುಂಕುಮ ಇಟ್ಟು ಬೂದುಗುಂಬಳಕಾಯಿ ನಿವಾಳಿಸಿ ಒಡೆಯುತ್ತಿದ್ದರು. ಆ ಯಂತ್ರವನ್ನು ಅವರು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ನೋಡಬೇಕು ಅಂತ ಅನಿಸಿಯೂ ಇರಲಿಲ್ಲ.

ಓನರ್ ಕೆ.ಆರ್.ಪುರದ ಆಚೆಯ ಹಳ್ಳಿಯವರು. ಅಪ್ಪನ ಕಾಲದವರೆಗೆ ರಾಗಿ, ಹೂವು ಬೆಳೆಯುತ್ತಿದ್ದ ಜಮೀನು ಲೇಔಟ್ ಆದ ಮೇಲೆ ಜೋಗುಪಾಳ್ಯದಲ್ಲಿ ಒಂದು ಕಟ್ಟಡ ಕೊಂಡು, ಮೇಲಿನ ಮಹಡಿಯಲ್ಲಿ ತಾವಿದ್ದು, ಕೆಳಗಿನ ರೂಮುಗಳನ್ನು ನಮ್ಮಂಥವರಿಗೆ ಬಾಡಿಗೆಗೆ ಬಿಟ್ಟಿದ್ದರು. ಮಿಕ್ಕ ಹಣಕ್ಕೆ ಒಬ್ಬ ಏಜೆಂಟ್ ದಾರಿ ತೋರಿಸಿದ್ದ. ಗಾಳಿಯಂತ್ರ ಕೊಂಡರೆ ತೆರಿಗೆ ಉಳಿಯುತ್ತದೆ, ಕರೆಂಟನ್ನು ಸರ್ಕಾರವೇ ಒಳ್ಳೆಯ ದರಕ್ಕೆ ಕೊಳ್ಳುತ್ತದೆ, ಯಂತ್ರವನ್ನು ಕಂಪನಿಯವರೇ ನೋಡಿಕೊಳ್ಳುತ್ತಾರೆ. ‘ಉಳೋದ್ ಬೇಡ, ನೀರ್ ಕಟ್ಟೋದ್ ಬೇಡ. ಗಾಳಿ ಬೀಸಿದ್ರೆ ಬೆಳೆ’ ಎಂದು ಓನರ್ ಹೇಳುತ್ತಿದ್ದರು. ಪರಿಸರ ಎಂಬ ಶಬ್ದ ಅವರ ಬಾಯಲ್ಲಿ ಒಂದು ಸಲವೂ ಬಂದದ್ದನ್ನು ನಾನು ಕೇಳಿಲ್ಲ. ಅದಕ್ಕಾಗಿ ಅವರ ಬಗ್ಗೆ ನನಗೆ ಸ್ವಲ್ಪ ಗೌರವವೂ ಇದೆ. ಇಂದಿರಾನಗರದ ನಮ್ಮ ಕಾಲೇಜಿನಲ್ಲಿ ‘ಹಸಿರು ಶಕ್ತಿ’ ಅಂದ ಕೂಡಲೇ ಚಪ್ಪಾಳೆ ತಟ್ಟುತ್ತಿದ್ದವರಿಗಿಂತ ಅವರು ಪ್ರಾಮಾಣಿಕರು.

ಆ ಕಾಲೇಜಿನ ಚರ್ಚಾಕೂಟದಲ್ಲಿ ನಾನು ಮೂರು ವರ್ಷ ಬಹುಮಾನ ತಂದವಳು. ವೇದಿಕೆ ಹತ್ತುವ ಮೊದಲು ಚೀಟಿ ಎತ್ತಬೇಕು, ಪರವೋ ವಿರೋಧವೋ ಅದರಲ್ಲಿರುತ್ತದೆ. ಯಾವುದು ಬಂದರೂ ಗೆಲ್ಲುತ್ತೇನೆ ಎಂಬುದು ನನ್ನ ಜಂಬ. ಅದಕ್ಕೊಂದು ಉಪಾಯವಿತ್ತು. ಎದುರಾಳಿಯ ವಾದವನ್ನು ಅವರಿಗಿಂತ ಚೆನ್ನಾಗಿ ಮೊದಲು ನಾನೇ ಬರೆದುಕೊಳ್ಳುವುದು. ಅದನ್ನು ಮುರಿಯುವ ಒಂದೇ ಒಂದು ಮಾತನ್ನು ಕೊನೆಯ ಪ್ರತ್ಯುತ್ತರದ ಸುತ್ತಿಗೆ ಮುಚ್ಚಿಟ್ಟುಕೊಳ್ಳುವುದು. ಮೊದಲೇ ಬಿಟ್ಟರೆ ಎದುರಾಳಿ ಎಚ್ಚೆತ್ತುಕೊಳ್ಳುತ್ತಾನೆ. ಕೊನೆಯಲ್ಲಿ ಬಿಟ್ಟರೆ ಅವನಿಗೆ ಬಾಯಿ ತೆರೆಯಲು ಸಮಯವಿರುವುದಿಲ್ಲ.

ನಾವು ಕೊಪ್ಪಳದ ಕಡೆಯವರು. ಅಪ್ಪ ಗಾರೆ ಕೆಲಸ ಮಾಡುತ್ತಿದ್ದ. ಅವ್ವನ ತಮ್ಮ, ನನ್ನ ಸೋದರಮಾವ, ನಾನು ಕೊನೆಯ ವರ್ಷದಲ್ಲಿದ್ದಾಗ ನಮ್ಮ ಜೊತೆಗೇ ಬಂದು ಇದ್ದ. ಊರಲ್ಲಿ ಅವನದೊಂದು ಹಿಟ್ಟಿನ ಗಿರಣಿ ಇತ್ತು. ಗಿರಣಿಯ ಮೋಟರು ತಿರುಗಲು ಮೂರು ಫೇಸ್ ಕರೆಂಟು ಬೇಕು. ಅದು ನಮ್ಮೂರಿಗೆ ಬರುತ್ತಿದ್ದದ್ದು ಜನ ಮಲಗಿದ ಮೇಲೆ. ಜೋಳದ ಬುಟ್ಟಿ ಹೊತ್ತು ಆ ಹೊತ್ತಿನಲ್ಲಿ ಯಾರು ಬರುತ್ತಾರೆ? ಹೆಂಗಸರು ಹಗಲು ಕರೆಂಟು ಇರುವ, ಒಂದು ಹರದಾರಿ ದೂರದ ಊರಿನ ಗಿರಣಿಗೆ ಹೋಗತೊಡಗಿದರು. ಮಾವ ಬೀಗ ಹಾಕಿ ಬೆಂಗಳೂರಿಗೆ ಬಂದು, ಹಲಸೂರು ಮಾರ್ಕೆಟ್ಟಿನ ಹತ್ತಿರದ ಫ್ಲೋರ್ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ದಿನವೆಲ್ಲ ರಾಗಿ. ಬಂದ ತಿಂಗಳಲ್ಲೇ ಮಿಲ್ಲಿನವರೊಡನೆ ಜಗಳವಾಡಿ, ಭಾನುವಾರ ಬೆಳಿಗ್ಗೆ ಕಲ್ಲು ಒರೆಸಿ ಮೊದಲು ನಮ್ಮ ಕಡೆಯವರ ಜೋಳ ಬೀಸಬೇಕು ಅಂತ ನಿಯಮ ಮಾಡಿಸಿದ. ‘ರಾಗಿ ಬೀಸಿದ ಕಲ್ಲಾಗ ಜ್ವಾಳ ಬೀಸಿದ್ರ ರೊಟ್ಟಿ ಕರ್ರಗಾಗ್ತೈತಿ, ಬಡಿಯೂದ್ರಾಗ ಹರೀತೈತಿ’ ಎಂಬುದು ಅವನ ವಾದ. ಆ ಮನೆಯಲ್ಲಿ ನನಗಿಂತ ದೊಡ್ಡ ವಾದಿ ಅವನೇ ಇದ್ದ ಅಂತ ಈಗ ಅನಿಸುತ್ತದೆ.

ಆ ವರ್ಷದ ಆಯುಧಪೂಜೆಗೆ ಓನರ್ ಎಲ್ಲ ಬಾಡಿಗೆದಾರರನ್ನೂ ಮೇಲೆ ಕರೆದರು. ಮಾವ ಕಡಲೆಪುರಿ ತಿನ್ನುತ್ತ ಫೋಟೋದ ಮುಂದೆ ನಿಂತವನು ಅಲ್ಲಿಂದ ಕದಲಲಿಲ್ಲ.

‘ಇದು ನಿಮ್ಮದೇನ್ರೀ ಓನರ್ರ?’

‘ನಮ್ದೇ ಕಣಪ್ಪಾ. ಯಾಕೆ?’

‘ಆ ಸೀಳಿದ ಗುಂಡುಕಲ್ಲು ನೋಡ್ರಿ. ಇದು ನಮ್ಮ ಗುಡ್ಡರೀ! ಬುಡದಾಗ ಹದಿನೇಳು ಅಂತ ನಂಬರ್ ಐತಲ್ಲ, ಈ ಫ್ಯಾನಿನ ನೆಳ್ಳು ಹೊತ್ತು ಮುಳುಗಾಕ ಬಂದ್ರ ನಮ್ಮ ಗಿರಣಿ ಮ್ಯಾಲ ಬೀಳ್ತೈತ್ರಿ.’

ಓನರಿಗೆ ಆದ ಸಂತೋಷ ನೋಡಬೇಕಿತ್ತು. ಮದುವೆಯಾಗಿ ದೂರದೂರಿಗೆ ಹೋದ ಮಗಳ ಸುದ್ದಿ ತಂದವನನ್ನು ಕೂರಿಸಿಕೊಂಡಂತೆ ಮಾವನನ್ನು ಕೂರಿಸಿಕೊಂಡರು. ‘ಚೆನ್ನಾಗ್ ತಿರುಗ್ತದಾ? ನಿಂತ್ಕೊಳಲ್ಲ ತಾನೇ?’ ಎಂದು ಕೇಳಿದರು.

‘ಭಾಳ ಛಂದ ತಿರಗತೈತ್ರಿ. ಅದರ ತಂತಿ ನಮ್ಮ ಗಿರಣಿ ಮ್ಯಾಲಿಂದನ ಹೋಗ್ತೈತಿ. ನಮ್ಮ ಮೋಟರ್ ಅಷ್ಟ ತಿರಗಂಗಿಲ್ಲ.’

ಎಲ್ಲರೂ ನಕ್ಕರು. ಮಾವನೂ ನಕ್ಕ. ನನಗೆ ಮೈ ಉರಿಯಿತು.

ಚಳಿಗಾಲದ ಹೊತ್ತಿಗೆ ಸರ್ಕಾರದ ಕರಡು ನೀತಿಯೊಂದು ಹೊರಬಿತ್ತು. ಈಗಾಗಲೇ ನಿಂತಿರುವ ದೊಡ್ಡ ಗಾಳಿಯಂತ್ರಗಳ ಹಳೆಯ ಒಪ್ಪಂದ ಮುಗಿಯುತ್ತ ಬಂದಿದೆ. ಅವುಗಳಿಗೆ ಅದೇ ದರ, ಅದೇ ರಿಯಾಯಿತಿ ಮುಂದುವರಿಸೋಣ ಎಂಬುದು ಅದರ ಸಾರ. ಒಂದು ಕಡೆ ಮಾತ್ರ ಪ್ರಶ್ನೆ ಇಟ್ಟಿದ್ದರು. ಮುಂದುವರಿಸುವುದಾದರೆ, ಗುಡ್ಡದ ಬುಡದ ಊರುಗಳಿಗೆ ಹಗಲು ಹೊತ್ತು ಮೂರು ಫೇಸ್ ಕರೆಂಟು ಬರುವಂತೆ ಬೇರೆ ಲೈನು ಎಳೆಯುವ ಖರ್ಚನ್ನು ಯಂತ್ರದ ಮಾಲೀಕರು ಹೊರಬೇಕೆಂಬ ಷರತ್ತು ಇರಬೇಕೆ? ಅಭಿಪ್ರಾಯವಿದ್ದವರು ಬರೆದು ಕಳಿಸಿ, ಆಮೇಲೆ ವಿಚಾರಣೆಗೆ ಬಂದು ಹೇಳಿ.

ಊರವರು ಈ ಸುದ್ದಿ ತಿಳಿದು ಮಾವನಿಗೆ ಹೇಳಿ ಕಳಿಸಿದರು. ಬೆಂಗಳೂರಲ್ಲಿ ಇರುವವನು ಅವನೊಬ್ಬ, ಅರ್ಜಿ ಅವನೇ ಕೊಡಬೇಕು. ಅವನಿಗೆ ಲೆಕ್ಕ ಸರಳವಾಗಿತ್ತು. ಆ ಷರತ್ತು ಉಳಿದರೆ ಹಗಲು ಕರೆಂಟು, ಹಗಲು ಕರೆಂಟು ಬಂದರೆ ಗಿರಣಿ, ಗಿರಣಿ ತೆರೆದರೆ ಮರುದಿನವೇ ಊರು.

‘ನೀ ಬರದುಕೊಡವಾ. ಕಪ್ ತರಾಕಿ ಮನ್ಯಾಗಿದ್ದು ನಾ ಯಾರ ಮನಿಗೆ ಹೋಗ್ಲಿ?’

ಅದೇ ವಾರ ಓನರ್ ಮೆಟ್ಟಿಲಿಳಿದು ಬಂದರು. ಅವರ ಫ್ಯಾನೂ, ಅವರ ಇಬ್ಬರು ದಾಯಾದಿಗಳ ಫ್ಯಾನೂ ಅದೇ ಗುಡ್ಡದ ಮೇಲಿದ್ದವು. ಷರತ್ತು ಬೇಡ ಅಂತ ಅವರದೂ ಒಂದು ಅರ್ಜಿ ಬೇಕಿತ್ತು. ‘ಲಾಯರ್ ಹತ್ರ ಹೋದ್ರೆ ಇಂಗ್ಲಿಷಲ್ಲಿ ಏನೇನೋ ಬರೀತಾನೆ, ನಂಗೆ ಓದಕ್ ಬರಲ್ಲ. ನೀನು ನಮ್ ಭಾಷೇಲಿ ಬರ್ಕೊಡಮ್ಮ. ನೀನು ಯಾವ್ ಕಡೆ ಬೇಕಾದ್ರೂ ಮಾತಾಡ್ತೀಯಂತಲ್ಲ!’

ಆ ಕೊನೆಯ ಮಾತು ನನ್ನನ್ನು ಕೆಡವಿತು. ಅಪ್ಪ ಹಿಂದಿನಿಂದ ‘ಬರದುಕೊಡು, ನಮ್ಮ ಮನಿಗೆ ನೀರು ಬಿಡೂ ಮನಷ್ಯಾ ಅಂವ’ ಎಂದ. ಅಪ್ಪನ ಮಾತಿನ ನೆಪ ನನಗೆ ಬೇಕಿರಲಿಲ್ಲ, ಅದು ಇರದಿದ್ದರೂ ನಾನು ಬರೆಯುತ್ತಿದ್ದೆ. ಎದುರಾಳಿಯ ವಾದ ಬರೆಯಲು ಎದುರಾಳಿಯೇ ಬಂದು ಕೇಳಿಕೊಳ್ಳುವ ಅವಕಾಶ ಯಾವ ಚರ್ಚಾಪಟುವಿಗೆ ಸಿಗುತ್ತದೆ? ಅವರು ಏನು ಹೇಳುತ್ತಾರೆ ಎಂಬುದು ಅಕ್ಷರ ಅಕ್ಷರವಾಗಿ ನನಗೆ ಗೊತ್ತಿರುತ್ತದೆ. ವಿಚಾರಣೆಯಲ್ಲಿ ಮಾವನ ಪಕ್ಕ ಎದ್ದು ನಿಂತು ಒಂದೇ ಏಟಿಗೆ ಉರುಳಿಸುತ್ತೇನೆ. ಓನರ್ ಅರ್ಜಿ ನಾನೇ ಬರೆಯುವುದನ್ನಾಗಲಿ, ಈ ಯೋಜನೆಯನ್ನಾಗಲಿ ಮಾವನಿಗೆ ಹೇಳಲಿಲ್ಲ. ಅವನಿಗೆ ಅರ್ಥವಾಗುವುದಿಲ್ಲ ಅಂದುಕೊಂಡೆ.

ಓನರ್ ಅರ್ಜಿಗೆ ನಾಲ್ಕು ಸಲ ಕರಡು ಮಾಡಿದೆ. ಗೋಳು ಇಲ್ಲ, ಬೇಡಿಕೆಯ ದನಿಯೂ ಇಲ್ಲ. ‘ಸರ್ಕಾರದ ಮಾತು ನಂಬಿ ಯಾರೂ ಬಾರದ ಕಾಲದಲ್ಲಿ ನಾವು ಬಂದೆವು’ ಎಂದು ಶುರುಮಾಡಿ, ‘ಆಟದ ನಡುವೆ ನಿಯಮ ಬದಲಿಸಿದರೆ ಮುಂದೆ ಯಾರೂ ಆಡಲು ಬರುವುದಿಲ್ಲ’ ಎಂದು ಮುಗಿಸಿದೆ. ಬರೆದು ಓದಿಕೊಂಡಾಗ ನನಗೇ ಖುಷಿಯಾಯಿತು.

ಅದಕ್ಕೆ ಉತ್ತರವೂ ನನ್ನ ಬಳಿ ತಯಾರಿತ್ತು. ಯಾವ ಆಟದ ನಡುವೆ? ಒಪ್ಪಂದದ ಅವಧಿ ಮುಗಿಯುತ್ತಿದೆ, ಅದರ ಜೊತೆಗೆ ಹಳೆಯ ಆಟವೂ ಮುಗಿಯುತ್ತದೆ. ಈಗ ಶುರುವಾಗುವುದು ಹೊಸ ಆಟ. ಬಾರದವರನ್ನು ಕರೆಯಲು ಆಸೆ ತೋರಿಸಿದರೆ ಅದು ಪ್ರೋತ್ಸಾಹ. ಆಗಲೇ ಗುಡ್ಡ ಹತ್ತಿ ನಿಂತವರಿಗೆ ಮತ್ತೆ ಯಾಕೆ ಆಸೆ? ಕೊಡದಿದ್ದರೆ ಫ್ಯಾನು ಗುಡ್ಡ ಇಳಿದು ಪಕ್ಕದ ರಾಜ್ಯಕ್ಕೆ ಓಡಿಹೋಗುತ್ತದೆಯೆ? ಕೊಡಲೇಬೇಕೆಂದಿದ್ದರೆ ಕೊಡಿ, ಬದಲಿಗೆ ಬುಡದ ಊರಿಗೆ ಒಂದು ತಂತಿ ಕೇಳಿ. ಏನನ್ನೂ ಕೇಳದೆ ಕೊಟ್ಟರೆ ಅದು ನೀತಿಯಲ್ಲ, ಉಡುಗೊರೆ. ಇವತ್ತಿಗೂ ಆ ನೀತಿಯ ಬಗ್ಗೆ ನನ್ನ ಅಭಿಪ್ರಾಯ ಇದೇ. ಎಂಥ ಗಾಳಿಯ ಹೆಸರು ಹೇಳಿದರೂ ಅದು ಬದಲಾಗಿಲ್ಲ.

ಇದನ್ನು ಮಾವನ ಅರ್ಜಿಯಲ್ಲಿ ಬರೆಯಲಿಲ್ಲ. ಮುಚ್ಚಿಟ್ಟುಕೊಂಡೆ. ಅವನ ಅರ್ಜಿಯಲ್ಲಿ ಬೀಗ ಹಾಕಿದ ಗಿರಣಿ, ಮೇಲೆ ಹಾಯುವ ತಂತಿ, ಬುಟ್ಟಿ ಹೊತ್ತು ನಡೆಯುವ ಹೆಂಗಸರು, ಇಷ್ಟನ್ನೇ ತುಂಬಿದೆ. ಮೊದಲ ಸುತ್ತಿಗೆ ಇಷ್ಟು ಸಾಕು ಎಂಬುದು ನನ್ನ ಅಂದಾಜು. ಮಾವ ಓದಿಸಿ ಕೇಳಿ, ಕಣ್ಣೊರೆಸಿಕೊಂಡು, ಊರವರು ಒತ್ತಿ ಕಳಿಸಿದ್ದ ಹೆಬ್ಬೆಟ್ಟುಗಳ ಹಾಳೆಯನ್ನು ಅದಕ್ಕೆ ಹೊಲಿದ. ಪಿನ್ನು ಹಾಕಿದರೆ ಉದುರುತ್ತದೆ ಅಂತ ಚೀಲ ಹೊಲಿಯುವ ದಾರದಲ್ಲಿ ಹೊಲಿದ.

ವಿಚಾರಣೆಯ ದಿನ ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಡೆದೆವು. ಮಾವ ಬಿಳಿ ಧೋತರ ಉಟ್ಟಿದ್ದ, ಟೋಪಿ ಹಾಕಿದ್ದ. ವಿಚಾರಣೆಯ ಸಭಾಂಗಣದಲ್ಲಿ ಓನರ್ ಆಗಲೇ ಕೂತಿದ್ದರು. ಮಾವನನ್ನು ನೋಡಿ ಪಕ್ಕದ ಕುರ್ಚಿಯ ಮೇಲಿದ್ದ ಕರ್ಚೀಫು ತೆಗೆದು, ‘ಬಾರಪ್ಪಾ, ಕೂತ್ಕೋ’ ಎಂದರು. ಇಬ್ಬರೂ ಪಕ್ಕಪಕ್ಕ ಕೂತು ಗಾಳಿ, ಮಳೆಯ ಮಾತಾಡಿದರು. ಜಗಳಕ್ಕೆ ಬಂದವರು ಹೀಗೆ ಕೂರುವುದನ್ನು ಕಂಡು ನನಗೆ ಅಸಹ್ಯವಾಯಿತು.

ಪಟ್ಟಿಯ ಪ್ರಕಾರ ಮಾವನನ್ನು ಮೊದಲು ಕರೆದರು. ‘ಹಗಲಿ ಕರೆಂಟ್ ಕೊಡ್ರಿ, ನಾ ಇವತ್ತ ರಾತ್ರಿ ಬಸ್ಸಿಗೆ ಹೊಕ್ಕೀನಿ, ನಿಮ್ಮ ಬೆಂಗಳೂರಾಗ ಒಂದು ಮಂದಿ ಕಮ್ಮಿ ಆಗ್ತೈತಿ’ ಎಂದ. ಸಭೆಯಲ್ಲಿ ನಗೆ ಎದ್ದಿತು. ಆಮೇಲೆ ಓನರ್ ಎದ್ದು ನನ್ನ ಹಾಳೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ತಡವರಿಸಿ ಓದಿದ್ದರಿಂದ ಅದು ಅವರದೇ ಮಾತೆನಿಸಿತು, ನಾನು ಓದಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಮೇಜಿನ ಹಿಂದಿದ್ದ ಅಧಿಕಾರಿ ತಲೆಯೆತ್ತಿ ನೋಡಿದರು. ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿ ಬರೆದುಕೊಂಡರು.

ನಾನು ಎದ್ದು ನಿಂತೆ.

‘ನೀವು?’

‘ಮೊದಲು ಮಾತಾಡಿದವರ ಕಡೆಯಿಂದ, ಸರ್. ಇವರ ವಾದಕ್ಕೆ ಪ್ರತ್ಯುತ್ತರ ಕೊಡಬೇಕಿತ್ತು.’

‘ಅವರದು ಆಯ್ತಲ್ಲಮ್ಮ. ಒಬ್ಬರಿಗೆ ಒಂದೇ ಸಲ.’

‘ಎರಡೇ ನಿಮಿಷ ಸರ್.’

‘ನೀವ್ ಹೇಳ್ಬೇಕು ಅಂತಿರೋದು ಅರ್ಜಿಯಲ್ಲಿ ಇದೆಯಾ?’

‘ಇಲ್ಲ.’

‘ಅರ್ಜಿಯಲ್ಲಿ ಇಲ್ಲದ್ದನ್ನ ನಾವು ತಗೊಳ್ಳೋ ಹಾಗಿಲ್ಲ. ಬರೆಯೋಕೆ ಅಷ್ಟು ದಿನ ಟೈಮ್ ಕೊಟ್ಟಿದ್ವಲ್ಲ, ಯಾಕ್ ಬರೀಲಿಲ್ಲ?’

ನಾನು ಕೂತುಕೊಂಡೆ. ಅವರು ಮುಂದಿನವರನ್ನು ಕರೆದರು. ಹೊರಗೆ ಬಂದಾಗ ಓನರ್ ನಮಗಿಬ್ಬರಿಗೂ ಕಬ್ಬಿನಹಾಲು ಕೊಡಿಸಿದರು. ಕುಡಿದೆ. ಅದನ್ನೂ ಬರೆದುಬಿಡುತ್ತೇನೆ.

ಆದೇಶ ಬಂದದ್ದು ಯುಗಾದಿ ಕಳೆದ ಮೇಲೆ. ಓನರ್ ಪೇಡ ಹಿಡಿದು ಕೆಳಗಿಳಿದರು. ದರ, ರಿಯಾಯಿತಿ ಮುಂದುವರಿದಿದ್ದವು, ಷರತ್ತು ಬಿದ್ದುಹೋಗಿತ್ತು. ‘ಎಲ್ಲಾ ನಿನ್ನಿಂದ ಕಣಮ್ಮ’ ಎನ್ನುತ್ತಾರೇನೋ ಅಂತ ನಾನು ಬಾಗಿಲ ಬಳಿ ನಿಂತಿದ್ದೆ. ಅವರು ಹಾಗೇನೂ ಅನ್ನಲಿಲ್ಲ, ಆದೇಶದ ಪ್ರತಿಯೊಂದನ್ನು ಕೊಟ್ಟು ಹೋದರು. ಮಾವ ಭಾನುವಾರದ ಜೋಳ ಬೀಸಿ ಆಗಷ್ಟೇ ಬಂದಿದ್ದ, ರೆಪ್ಪೆಯ ಮೇಲೆಲ್ಲ ಹಿಟ್ಟು.

‘ಓದವಾ. ಯಾಕ ಇಲ್ಲಂದ್ರು ಅನ್ನೂದರ ತಿಳೀಲಿ.’

ಓದಿದೆ. ಕಾರಣ ಹೇಳುವ ಜಾಗದಲ್ಲಿ ನನ್ನ ಸಾಲು ನಿಂತಿತ್ತು. ಆಟದ ನಡುವೆ ನಿಯಮ ಬದಲಿಸಿದರೆ ಮುಂದೆ ಯಾರೂ ಆಡಲು ಬರುವುದಿಲ್ಲ. ಒಂದು ಅಕ್ಷರವೂ ಆಚೀಚೆ ಆಗಿರಲಿಲ್ಲ.

ಮಾವ ಅದನ್ನು ಎರಡು ಸಲ ಓದಿಸಿದ. ‘ಖರೇ ಮಾತು ಬಿಡು’ ಎಂದ. ‘ಓನರ್‌ಗ ಛಲೋ ಬರದುಕೊಟ್ಟಾನ ಯಾವನೋ. ಇದಕ್ಕ ನನ್ನ ಕಡೀನೂ ಉತ್ತರಿಲ್ಲ.’

‘ಉತ್ತರ ಇತ್ತು ಮಾವ’ ಎಂದೆ. ಹೇಳಿದೆ. ಹಳೇ ಆಟ, ಹೊಸ ಆಟ, ಓಡಿಹೋಗದ ಫ್ಯಾನು, ಎಲ್ಲ. ಅವನ ಮುಖ ಅರಳಿತು, ‘ಹೌದಲ್ಲ!’ ಎಂದು ತೊಡೆ ತಟ್ಟಿದ. ಆಮೇಲೆ ಆ ಸಾಲು ಬರೆದದ್ದೂ ನಾನೇ ಎಂದು ಹೇಳಿದೆ. ಉತ್ತರವನ್ನು ಕೊನೆಗೆ ಅಂತ ಇಟ್ಟುಕೊಂಡಿದ್ದೆ ಎಂದೂ ಹೇಳಿದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮಾವ ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ತಿಳಿಯದ್ದೊಂದನ್ನು ತಿಳಿಯಲು ಕೇಳುವವನಂತೆ ಕೇಳಿದ:

‘ನಂದ್ಯಾಕ ಹಂಗ ಬರೀಲಿಲ್ಲವಾ?’

ಆ ಬೇಸಿಗೆಯಲ್ಲಿ ಅವನು ಊರಿಗೆ ಹೋದ. ಗಿರಣಿ ತೆರೆಯಲಿಕ್ಕಲ್ಲ. ಮೋಟರು ಬಿಚ್ಚಿ ಬೇಕಾದವರಿಗೆ ಕೊಟ್ಟು, ಬೀಸುವ ಕಲ್ಲೆರಡನ್ನು ಬಾಗಿಲ ಮುಂದೆ ಕಟ್ಟೆಗೆ ಹಾಕಿಸಿ, ನಾಲ್ಕನೇ ದಿನಕ್ಕೆ ಹಲಸೂರಿನ ಕೆಲಸಕ್ಕೆ ವಾಪಸು ಬಂದ. ಓನರ್ ಮೆಟ್ಟಿಲ ಮೇಲಿಂದಲೇ, ‘ಏನಪ್ಪಾ, ನಮ್ ಫ್ಯಾನ್ ಹೆಂಗಿದೆ?’ ಎಂದು ಕೇಳಿದರು.

‘ತಿರಗಾಕ ಹತ್ತೈತ್ರಿ’ ಎಂದ ಮಾವ. ‘ಈಗ ಕುಂತು ನೋಡಾಕ ಕಲ್ಲೂ ಹಾಕಿಸಿ ಬಂದೀನಿ.’